ಬೋರ್ಡಿಲ್ಲದ ಬಸ್ಸು

ಜೇವರ್ಗಿ ಬಸ್ ನಿಲ್ದಾಣವೇ ಮನೆಯಾಗಿದ್ದ ಮಕ್ಕಳಲ್ಲಿ ಆರು ವರ್ಷದ ಗುರುಪಾದ ಮಧ್ಯಾಹ್ನದಿಂದ ಕಾಣುತ್ತಿರಲಿಲ್ಲ. ಅವನನ್ನು ಸದಾ ಜೊತೆಗಿಟ್ಟುಕೊಳ್ಳುತ್ತಿದ್ದ ಹುಡುಗಿ ತುಳಜಾ, ಕಂಟ್ರೋಲರ್ ನಾಗರತ್ನಾಳ ಕಿಟಕಿಯ ಬಳಿ ಏದುಸಿರು ಬಿಡುತ್ತ ನಿಂತಿದ್ದಳು.

“ಎಲ್ಲಿಗಿ ಹೋಗ್ಯಾನ ಬೇ? ಲಗೂನ ಹೇಳು!” ಎಂದು ನಾಗರತ್ನಾ ಅವಸರಿಸಿದಳು.

“ಹೇಳಂಗಿಲ್ರಿ. ದೊಡ್ಡವರಿಗಿ ಹೇಳಿದ್ರ ಅದು ಮಾಯ ಆಗ್ತದ.”

ಆ ಮಾತನ್ನು ನಾಗರತ್ನಾ ಹಿಂದೆಂದೋ ತಾನೇ ಆಡಿದ್ದಳು. ಆಕೆ ಬಗ್ಗಿ ಪಿಸುಗುಟ್ಟಿದಳು: “ಹೆಸರಿಲ್ಲದ ಊರಿಗಿ ಎರಡು ಸೀಟು.”

ತುಳಜಾ ಬೆರಗಾದಳು. “ಇದು ನಿಮಗ್ಯಾರು ಹೇಳಿದ್ರು?”

“ಆ ಕಥಿ ಕಟ್ಟಿದಾಕಿನೇ ನಾ!”

ಇಪ್ಪತ್ತೈದು ವರ್ಷಗಳ ಹಿಂದೆ ಇದೇ ನಿಲ್ದಾಣದ ಕಟ್ಟೆಯ ಮೇಲೆ ಮಲಗುತ್ತಿದ್ದ ನಾಗರತ್ನಾ, ಅಳುತ್ತಿದ್ದ ಪುಟ್ಟ ಗೆಳತಿಯನ್ನು ಸಮಾಧಾನಪಡಿಸಲು ಹೇಳಿದ ಕಥೆ ಅದು. ಬೋರ್ಡಿಲ್ಲದ ಬಸ್ಸು ಹತ್ತಿದರೆ ಅದು ಅವರವರ ಮನೆಗೇ ಮುಟ್ಟಿಸುತ್ತದೆ. ಆದರೆ ದೊಡ್ಡವರಿಗೆ ಹೇಳಬಾರದು, ‘ಹೆಸರಿಲ್ಲದ ಊರಿಗಿ ಎರಡು ಸೀಟು’ ಎಂದು ಕೇಳಿ ಜೊತೆಗಾರರಿಗೂ ಒಂದು ಸೀಟು ಹಿಡಿಯಬೇಕು. ಹಾಸ್ಟೆಲಿನಲ್ಲಿ ಓದಿ, ನೌಕರಿ ಹಿಡಿದು ಇಲ್ಲಿಗೇ ಮರಳಿದ ಆಕೆ ಅದನ್ನು ಮರೆತೇಬಿಟ್ಟಿದ್ದಳು. ಮಕ್ಕಳು ಮಾತ್ರ ಅದನ್ನು ಬಾಯಿಂದ ಬಾಯಿಗೆ ಸಾಕಿಕೊಂಡು ಬಂದಿದ್ದರು!

“ಹಂಗಾರ ನೀವು ನಮ್ಮವ್ರ!” ಎಂದು ತುಳಜಾ ಕುಣಿದಳು. “ಆ ಕೆಂಪು ಬಸ್ಸಿಗಿ ಬೋರ್ಡ್ ಇರಲಿಲ್ರಿ, ಅದನ್ನ ಹತ್ತ್ಯಾನ!”

ಯಡ್ರಾಮಿಗೆ ಹೋಗುವ ಬಸ್ಸು! ಅದರ ಬೋರ್ಡು ಮುರಿದು ನಾಗರತ್ನಾಳ ಮೇಜಿನ ಮೇಲೇ ಬಿದ್ದಿತ್ತು. ಆಕೆ ತಕ್ಷಣ ಅದರ ಕಂಡಕ್ಟರಿಗೆ ಫೋನು ಹಚ್ಚಿದಳು.

“ಇದ್ದಾನ್ರಿ ಅಕ್ಕಾರ, ವಾಪಸ್ ಕರಕೊಂಡು ಬರ್ತೇನಿ,” ಎಂದು ಆತ ನಕ್ಕ. “ಆದ್ರ ಬಾಜೂ ಸೀಟಿನ್ಯಾಗ ಯಾರಿಗೂ ಕೂಡಲಾಕ ಬಿಡವಲ್ಲ. ಅದು ತುಳಜಕ್ಕಂದಂತ!”