ಅಣ್ಣನ ಚೆಂಡು ದೂರ ಬಿದ್ದ ವರ್ಷ

ಇಲ್ಲಿ ಹುಲ್ಲು ಕೊಯ್ದು ಚೆಲ್ಲುತ್ತಾರೆ. ಪುಣೆಗೆ ಬಂದ ಮರುದಿನ ಕ್ಲಬ್ಬಿನ ಟೆನಿಸ್ ಅಂಗಳದಲ್ಲಿ ಅದನ್ನು ಕಂಡು ಅಣ್ಣನೂ ನಾನೂ ನೋಡುತ್ತಾ ನಿಂತೆವು. ಆಳಂದದ ಕ್ಲಬ್ಬಿನಲ್ಲಿ ಅವನು ಆಡಿದ್ದು ಗರಸಿನಂಥ ಮೊರಂ ಮಣ್ಣಿನ ಮೇಲೆ. ಹುಲ್ಲು ಹುಟ್ಟಿದರೆ ಅದು ಎಮ್ಮೆಯದು.

ನಮ್ಮ ನಿಜಾಮ ಸೀಮೆಯಲ್ಲಿ ಗಲಾಟೆ ಹೆಚ್ಚಿದಾಗ ಅವ್ವ ಅಣ್ಣ-ತಂಗಿ ನಮ್ಮಿಬ್ಬರನ್ನು ಇತ್ತ ಕಳಿಸಿದಳು. ಹೊಲ ಬಿಟ್ಟು ಬರಲಾರೆನೆಂದು ತಾನು ನಮ್ಮೂರು ಸರಸಂಬಾದಲ್ಲೇ ಉಳಿದಳು. ಅಣ್ಣ ಮಾರ್ಕರ್, ಅಂದರೆ ಕ್ಲಬ್ಬಿನ ಸದಸ್ಯರ ಜೊತೆ ಆಡಲು ಸಂಬಳಕ್ಕಿಟ್ಟುಕೊಂಡ ಆಟಗಾರ. ಆ ಸಂಬಳದಲ್ಲೇ ನಾನು ಹೈದರಾಬಾದಿನಲ್ಲಿ ಬಿ.ಎ. ಓದಿದೆ. ಪುಣೆಯ ಕ್ಲಬ್ಬಿನಲ್ಲಿ ಅವನದು ತಾತ್ಕಾಲಿಕ ಕೆಲಸ; ಮಳೆಗಾಲದ ನಂತರ ಮಾರ್ಕರರ ಪಂದ್ಯ. ಗೆದ್ದವನಿಗೆ ಕಾಯಂ ನೌಕರಿ. ಸೋತರೆ ಕೆಲಸದ ಜೊತೆ ನಮ್ಮ ಖೋಲಿಯೂ ಹೋಗುತ್ತಿತ್ತು. ಖೋಲಿ ಎಂದರೆ ಒಂದೇ ಕೋಣೆಯ ಮನೆ. ಅಲ್ಲಿ ನಾನು ರೊಟ್ಟಿ ಬಡಿದರೆ ಕೆಳಗಿನವರು ಕೋಲಿನಿಂದ ಛಾವಣಿ ಕುಟ್ಟುತ್ತಿದ್ದರು. ಸರಸಂಬಾದಲ್ಲಿ ಆ ಸದ್ದು ಕೇಳಿದರೆ ಓಣಿಯವರು ಊಟಕ್ಕೇ ಬರುತ್ತಿದ್ದರು.

ಅಣ್ಣನಿಗೆ ಆಗಲೇ ಮೂವತ್ತಮೂರು. ಅಭ್ಯಾಸದಲ್ಲಿ ಉಳಿದ ಮಾರ್ಕರರೆದುರು ಚೆನ್ನಾಗಿ ಆಡಿಯೂ ಸೋಲುತ್ತಿದ್ದ. ಒಂದು ಸಂಜೆ ಕೇಳಿಯೇಬಿಟ್ಟೆ.

“ನೀ ಹೊಡೆದ ಚೆಂಡೆಲ್ಲಾ ಅವರ ಕೈಗೇ ಹೋಗ್ತಾವಲ್ಲ?”

“ಹದಿನೈದು ವರ್ಷ ಅದನ್ನೇ ಮಾಡೇನಿ ಬೇ. ಆಳಂದದಾಗ ತಹಶೀಲ್ದಾರ್ ಸಾಹೇಬ್ರು ಓಡಿದ್ರ ನನ್ನ ನೌಕ್ರಿನೂ ಓಡ್ತಿತ್ತು.”

ಮರುದಿನ ನಸುಕಿನಲ್ಲಿ, ಯಾರೂ ಬರುವ ಮೊದಲು, ಬಲೆಯಾಚೆ ನಾನೇ ನಿಂತೆ.

“ಈಗ ನಾನೇ ತಹಶೀಲ್ದಾರ. ಓಡ್ಸು.”

“ಸಾಹೇಬ್ರು ಸೀರಿ ಉಟ್ಟು ಬಂದಾರಲ್ರಿ,” ಎಂದು ನಕ್ಕ. ಆದರೂ ಚೆಂಡು ನನ್ನ ಕಾಲ ಬಳಿಗೇ ಬಂತು. ಮತ್ತೊಂದು, ಅದೂ ಅಲ್ಲಿಗೇ.

“ಕೈ ಕೇಳವಲ್ದು ಬೇ. ತಪ್ಪು ಮಾಡಾಕತ್ತೇನಿ ಅನಸ್ತದ,” ಎಂದ. ಆಗ ನಗಲಿಲ್ಲ.

ತಿಂಗಳುಗಟ್ಟಲೆ ಹೀಗೇ ನಡೆಯಿತು. ಬೇಸಿಗೆಯ ಕೊನೆಗೆ ಒಂದು ಚೆಂಡು ನನ್ನಿಂದ ದೂರ, ಗೆರೆಯ ಮೇಲೆ ಬಿತ್ತು. ಆಮೇಲೆ ನಾನು ಓಡಿದ್ದೇ ಓಡಿದ್ದು. ಮಳೆ ನಿಂತ ಮೇಲೆ ಅವನು ತನಗಿಂತ ಹತ್ತು ವರ್ಷ ಚಿಕ್ಕವರನ್ನು ಒಬ್ಬೊಬ್ಬರಾಗಿ ಸೋಲಿಸಿದ. ಕಾಯಂ ನೌಕರಿ ಸಿಕ್ಕಿತು. ಮುಂಬಯಿಯ ಕ್ಲಬ್ಬುಗಳಿಂದ ಆಡಲು ಕರೆಗಳೂ ಬಂದವು.

ಅದೇ ವಾರ ಅವ್ವನ ಕಾಗದ ಬಂತು. ಗಲಾಟೆ ನಿಂತಿದೆ, ದಾರಿ ತೆರೆದಿದೆ, ಬನ್ನಿ ಎಂದು ಬರೆಸಿದ್ದಳು. ಎರಡು ಸಲ ಓದಿಸಿಕೊಂಡು ಅಣ್ಣ ಹೇಳಿದ, “ಸೋತಿದ್ರ ಹೋಗಬಹುದಿತ್ತು ನೋಡು.”

ಇಂದೋ ನಾಳೆಯೋ ಊರಿಗೆ ಮರಳುವೆವೆಂದು ವರ್ಷವಿಡೀ ಟ್ರಂಕಿನಲ್ಲೇ ಇಟ್ಟಿದ್ದ ಬಟ್ಟೆಗಳನ್ನು ನಾನು ತೆಗೆದು ಗೂಟಕ್ಕೆ ಹಾಕಿದೆ. ಅವ್ವ ಕೊಟ್ಟ ಇಳಕಲ್ ಸೀರೆಯೊಂದನ್ನು ಮಾತ್ರ ಒಳಗೇ ಬಿಟ್ಟೆ.