ಒಂಬತ್ತನೆಯ ವಿಷಯ

ಮನುಷ್ಯರು ಒಂದೆಡೆ ಕುಳಿತು, ಒಬ್ಬರ ಮಾತನ್ನೊಬ್ಬರು ಕೇಳಿ, ಎಲ್ಲರ ಹಿತಕ್ಕಾಗಿ ನಿರ್ಣಯ ಕೈಗೊಳ್ಳುವುದೇ ನಾಗರಿಕತೆಯ ಆರಂಭ. ಇದನ್ನು ಮೊದಲು ಹೇಳಿದವರು ಯಾರೇ ಇರಲಿ, ಪುಣೆಯ ಕೋಥರೂಡದಲ್ಲಿ ಫ್ಲ್ಯಾಟ್ ಕೊಂಡವರಂತೂ ಅಲ್ಲ.

ನಾನು ಆರು ವರ್ಷಗಳಿಂದ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಬೇರೆ ಯಾರೂ ಒಪ್ಪದ್ದರಿಂದ ಸರ್ವಾನುಮತದಿಂದ ಆಯ್ಕೆಯಾದವನು. ಕಳೆದ ವರ್ಷ ಹೆಂಡತಿಗೆ ಲಕ್ವ ಹೊಡೆದು ಎಡಭಾಗದ ಸ್ವಾಧೀನ ತಪ್ಪಿತು. ಅಂದಿನಿಂದ ಗಾಲಿಕುರ್ಚಿ. ಮೂರನೇ ಮಹಡಿಯಿಂದ ಲಿಫ್ಟು ಅವಳನ್ನು ಕೆಳಗೆ ತರುತ್ತದೆ. ಅಲ್ಲಿಂದ ಅಂಗಳಕ್ಕೆ ನಾಲ್ಕು ಮೆಟ್ಟಿಲು. ನಾಲ್ಕೇ. ಆಸ್ಪತ್ರೆಗೆ ಹೋಗುವ ದಿನ ವಾಚ್‌ಮನ್ನನೂ ನಾನೂ ಕುರ್ಚಿ ಸಮೇತ ಅವಳನ್ನು ಎತ್ತಿ ಇಳಿಸುತ್ತೇವೆ. ಅವಳು ಕಣ್ಣು ಮುಚ್ಚಿಕೊಂಡಿರುತ್ತಾಳೆ. ಉಳಿದ ದಿನವೆಲ್ಲ ಬಾಲ್ಕನಿ. ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಇಳಿಜಾರು ಕಟ್ಟಿಸಬೇಕಿತ್ತು. ಅದಕ್ಕೆ ವಾರ್ಷಿಕ ಸಭೆಯ ಒಪ್ಪಿಗೆ ಬೇಕು.

ಸಭೆಯ ವಿಷಯಪಟ್ಟಿ ಬರೆಯುತ್ತ ಕುಳಿತಾಗ ಅವಳು ಹೇಳಿದಳು: "ನಮ್ಮದ ಮೊದಲನೇ ನಂಬರಿಗೆ ಹಾಕ್ರಿ."

"ಸೆಕ್ರೆಟರಿ ತನ್ನ ಮನಿ ಕೆಲಸ ಮೊದಲ ಬರಕೊಂಡಾನ ಅಂತಾರ ಮಂದಿ."

"ಅನ್ಲಿ. ಅಂದವ್ರು ನನ್ನ ಕುರ್ಚಿ ಎತ್ತಾಕ ಬರ್ತಾರೇನು?"

ಅವಳ ಮಾತು ಸರಿಯಿತ್ತು. ಆದರೆ ನನ್ನಲ್ಲಿ ಸಂಸ್ಕಾರವಿತ್ತು. ಧಾರವಾಡದ ನಮ್ಮ ಮನೆಯಲ್ಲಿ ಬಂದವರೆಲ್ಲ ಉಂಡು ಎದ್ದ ಮೇಲೆ ಕೊನೆಯ ಪಂಕ್ತಿಗೆ ಮನೆಯವರು. ಒಂಬತ್ತು ವಿಷಯಗಳಲ್ಲಿ ನಮ್ಮದನ್ನು ಒಂಬತ್ತನೆಯದಾಗಿ ಬರೆದೆ.

ನಿರ್ಣಯ ಮಂಡಿಸಿದರೆ ಸಾಲದು, ಅನುಮೋದಿಸುವವರೊಬ್ಬರು ಬೇಕು. ಒಂದನೇ ಮಹಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಬೆಳಗಾವಿಯವರು. ನಮ್ಮನ್ನು ಬಿಟ್ಟರೆ ಸೊಸೈಟಿಯಲ್ಲಿ ಕನ್ನಡದವರೆಂದರೆ ಅವರೇ. "ನಾ ಅದೀನಲ್ರಿ! ವೈನಿಯವರ ಕೆಲಸ ಅಂದ್ರ ನಮ್ಮ ಮನಿ ಕೆಲಸ" ಎಂದು ಎದೆ ಮುಟ್ಟಿಕೊಂಡು ಹೇಳಿದ್ದರು.

ಭಾನುವಾರ ಹತ್ತು ಗಂಟೆಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿಸಿದೆ. ಕೋರಂ ಇಲ್ಲದ್ದರಿಂದ ನಿಯಮದಂತೆ ಸಭೆಯನ್ನು ಮುಂದೂಡಿದೆವು. ಅರ್ಧ ತಾಸಿನ ಮೇಲೆ ಅದೇ ಮಂದಿ, ಅದೇ ಕುರ್ಚಿಗಳಿಂದ ಏಳದೆಯೇ, ಹೊಸ ಸಭೆಯಾದೆವು.

ಹಿಂದಿನ ಸಭೆಯ ನಡಾವಳಿಯಲ್ಲಿ ತಮ್ಮ ಹೆಸರು ಇನ್ನೊಬ್ಬರ ಹೆಸರಿನ ಕೆಳಗೆ ಬಂದದ್ದು ಅವಮಾನವೆಂದು ಐದನೇ ಮಹಡಿಯ ಗೃಹಸ್ಥರು ಮುಕ್ಕಾಲು ತಾಸು ಮಾತಾಡಿದರು. ಪಾರಿವಾಳಗಳಿಗೆ ಕಾಳು ಹಾಕುವ ಮಹಿಳೆಯೊಬ್ಬರು ಮೂಕ ಜೀವಿಗಳ ಮೇಲಿನ ಕರುಣೆಯ ಬಗ್ಗೆ ಹೇಳಿದರು, ಮಧ್ಯೆ ಬಾಯಿ ಹಾಕಿದ ವಾಚ್‌ಮನ್ನನನ್ನು "ನಿನ್ನನ್ನು ಯಾರು ಕೇಳಿದರು?" ಎಂದು ಗದರಿಸಿ ಮತ್ತೆ ಕರುಣೆಗೆ ಮರಳಿದರು. ಒಬ್ಬರು ಸ್ಪೀಕರ್ ಹಾಕಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಅಧ್ಯಕ್ಷರು ಸ್ಕೋರು ಕೇಳಿದರು.

ನನ್ನ ಸರದಿ ಬಂದಾಗ ಒಂದು ಗಂಟೆಗೆ ಐದು ನಿಮಿಷ ಬಾಕಿ. ಎದ್ದು ನಿಂತು ಓದಿದೆ. ಮೆಟ್ಟಿಲುಗಳ ಪಕ್ಕ ಸ್ಕೂಟರ್ ನಿಲ್ಲಿಸುವ ಎರಡನೇ ಮಹಡಿಯ ತರುಣ ಕೈ ಎತ್ತಿದ.

"ಕಾಕಾ, ಹಂಗಾದ್ರ ನನ್ನ ಗಾಡಿ ಎಲ್ಲಿ ನಿಲ್ಲಸ್ಲಿ?"

"ನಿಮಗ ಪಟ್ಟಿ ಎಳೆದು ಕೊಟ್ಟ ಜಾಗ ಅದ ಅಲ್ಲ?"

"ಅಲ್ಲಿ ಸೀಟು ಬಿಸಿಲಿಗೆ ಕಾಯ್ತದ. ಮತ್ತ ಕಾಕಾ, ಸಿಟ್ಟಾಗಬ್ಯಾಡ್ರಿ, ಕಾಕೂ ಇನ್ನ ಎಷ್ಟು ದಿನ ಅದನ್ನ ಬಳಸಾವರು? ಆಮ್ಯಾಲೆ ಕಟ್ಟಿದ್ದು ಹಂಗ ಉಳೀತದ."

ಅವನು ಆಡಿದ್ದು ಮರಾಠಿಯಲ್ಲಿ. ಕನ್ನಡಕ್ಕೆ ತರುವಾಗ ನಾನು ಯಾವ ಸೌಜನ್ಯವನ್ನೂ ಬಿಟ್ಟಿಲ್ಲ. ಮುಂದಿನ ಸಾಲಿನಲ್ಲಿ ಇಬ್ಬರು, ಹುಡುಗ ಮುಂದಿನದನ್ನು ಯೋಚಿಸುತ್ತಾನೆ ಎಂಬಂತೆ ತಲೆಯಾಡಿಸಿದರು.

ಆಗಲೇ ಗೇಟಿನಲ್ಲಿ ಬಟಾಟೆ ವಡೆಯ ಡಬ್ಬಿಗಳು ಬಂದವು. ಒಂದು ಗಂಟೆಗೆ ಸರಿಯಾಗಿ ತರಬೇಕೆಂದು ತಾಕೀತು ಮಾಡಿದ್ದವನೂ ನಾನೇ. ಕುರ್ಚಿಗಳು ಕರಕರನೆ ಸರಿದವು.

"ಅನುಮೋದಕರು?" ಎಂದು ಅಧ್ಯಕ್ಷರು ಏಳುತ್ತಲೇ ಕೇಳಿದರು.

ಬೆಳಗಾವಿಯವರ ಕುರ್ಚಿ ಖಾಲಿಯಿತ್ತು. ವಡೆಯ ಸಾಲಿನಲ್ಲಿ ಮೂರನೆಯವರಾಗಿ ನಿಂತು, ಕಾಗದದ ತಟ್ಟೆ ಎತ್ತಿ ಕರೆಯುತ್ತಿದ್ದರು: "ಬರ್ರಿ, ಬರ್ರಿ, ಭಾಳ ಬಿಸಿ ಅದಾವ! ನಿಮ್ಮದು ಮುಂದಿನ ಸಲ ನೋಡೋಣಂತ."

ಮನೆಗೆ ಹೋದೆ. ಅವಳು ಬಾಲ್ಕನಿಯಲ್ಲಿದ್ದಳು.

"ಏನಾತ್ರಿ?"

"ವಡಾ ಬಂದ್ವು."

"ನೀವು ತಿಂದ್ರೇನು?" ಎಂದಳು. ಇಲ್ಲ ಎಂದೆ.

ಸಂಜೆ ನಡಾವಳಿ ಬರೆದೆ. 'ವಿಷಯ ಒಂಬತ್ತು: ಅನುಮೋದಕರಿಲ್ಲದ ಕಾರಣ ಮುಂದಿನ ವಾರ್ಷಿಕ ಸಭೆಗೆ ಮುಂದೂಡಲಾಯಿತು.' ಐದನೇ ಮಹಡಿಯವರ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿ, ಕೆಳಗೆ ಸಹಿ ಮಾಡಿದೆ. ಬುಧವಾರ ಆಸ್ಪತ್ರೆಗೆ ಹೊರಟಾಗ ವಾಚ್‌ಮನ್ನನೂ ನಾನೂ ಕುರ್ಚಿಯನ್ನು ನಾಲ್ಕು ಮೆಟ್ಟಿಲು ಇಳಿಸಿದೆವು.