ಅಳ್ಳಾಡ್ಬ್ಯಾಡಿ, ಇಲ್ನೋಡಿ

ತಾಳವಾಡಿಯಲ್ಲಿ ನಮ್ಮ ಮನೆಯ ಎದುರಿಗೇ ಫೋಟೋಗ್ರಾಫರ್ ಒಬ್ಬರ ಸ್ಟುಡಿಯೋ ಇತ್ತು. ಮದುವೆ ಫೋಟೋ ತೆಗೆಯುವುದು ಅವರ ಕಸುಬು. ಮದುಮಗಳಿರಲಿ, ಪಾಸ್‌ಪೋರ್ಟ್ ಸೈಜಿಗೆ ಕೂತ ಮುದುಕನಿರಲಿ, ಎಲ್ಲರಿಗೂ ಹೇಳುತ್ತಿದ್ದುದು ಒಂದೇ ಮಾತು: “ಅಳ್ಳಾಡ್ಬ್ಯಾಡಿ, ಇಲ್ನೋಡಿ.”

ಮುಹೂರ್ತಗಳಿಲ್ಲದ ಆಷಾಢದಲ್ಲಿ ಅವರು ಕಾಡುಪ್ರಾಣಿಗಳ ಕಡೆ ತಿರುಗುತ್ತಿದ್ದರು. ಅದಕ್ಕೆಂದೇ ಕಡಿಮೆ ಬೆಲೆಯ ಉದ್ದನೆಯ ಜೂಮ್ ಲೆನ್ಸ್ ಒಂದನ್ನು ಕೊಂಡಿದ್ದರು. ಪೂರ್ತಿ ಚಾಚಿದರೆ ಅದು ಮೊಳದುದ್ದವಾಗಿ ಮುಂದಕ್ಕೆ ಜಗ್ಗುತ್ತಿತ್ತು. ಆದರೂ ಟ್ರೈಪಾಡ್ ಒಯ್ಯುತ್ತಿರಲಿಲ್ಲ. “ಅದ್ರ ಕಾಲು ಬಿಡ್ಸೋ ಒತ್ಗೆ ಪ್ರಾಣಿ ಓಗಿರ್ತದೆ” ಎನ್ನುತ್ತಿದ್ದರು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು ಕ್ಲಿಕ್ಕಿಸುವರು.

ಒಂದು ಸಂಜೆ ನನ್ನನ್ನೂ ಬೈಕಿನಲ್ಲಿ ಕೂರಿಸಿಕೊಂಡು ಹೋದರು. ಕೆಲಸ ನಿಂತುಹೋದ ಕಲ್ಲು ಕ್ವಾರಿಯ ಆಚೆ ಬಂಡೆಯ ಮೇಲೆ ಚಿರತೆ ಮಲಗಿತ್ತು, ನಮಗೆ ಬೆನ್ನು ಹಾಕಿಕೊಂಡು. ಬೆಳಕು ಇಳಿಯುತ್ತಿತ್ತು, ಅಷ್ಟು ಬೆಳಕಿನಲ್ಲಿ ಕೈ ಒಂಚೂರು ನಡುಗಿದರೂ ಆ ಲೆನ್ಸಿನ ಚಿತ್ರ ಕೆಡುತ್ತದೆ. ಅವರು ಕ್ಯಾಮೆರಾ ಎತ್ತಿದರು. ಅಭ್ಯಾಸಬಲದಿಂದ ಮಾತು ಬಾಯಿಗೆ ಬಂದೇಬಿಟ್ಟಿತು, ಅದೂ ಛತ್ರದಲ್ಲಿ ಹೇಳುವಷ್ಟೇ ಜೋರಾಗಿ: “ಅಳ್ಳಾಡ್ಬ್ಯಾಡಿ, ಇಲ್ನೋಡಿ.”

ಚಿರತೆ ಕತ್ತು ತಿರುಗಿಸಿ ನೇರ ಲೆನ್ಸಿನೊಳಕ್ಕೇ ನೋಡಿತು. ಆಮೇಲೆ ಅಲುಗಾಡಲಿಲ್ಲ. ಕ್ಲಿಕ್ ಆದ ಮೇಲಷ್ಟೇ ಎದ್ದು ಹೋಯಿತು.

ಚಿತ್ರದಲ್ಲಿ ಇದ್ದುದು ಒಂದು ಹಳದಿ ಮಸುಕು, ಅದರೊಳಗೆ ಗೆರೆಗಳಂತೆ ಎಳೆದುಹೋದ ಎರಡು ಕಣ್ಣು. ಅಳಿಸಿಹಾಕುತ್ತಾರೆ ಅಂದುಕೊಂಡೆ. ಅವರು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಸ್ಟುಡಿಯೋದ ಮದುವೆ ಜೋಡಿಗಳ ನಡುವೆ ತೂಗುಹಾಕಿದರು. ಇದೇನಣ್ಣ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು:

“ಚಿರತೆ ಕಣಪ್ಪ. ಅದು ಯೋಳಿದ್ ಮಾತ ಕೇಳ್ತು. ಅಳ್ಳಾಡ್ಬುಟ್ಟೋನು ನಾನು.”